ಊಟಿಯಲ್ಲಿ ಉರೈಪನಿ ಇಲ್ಲ, ಮನಾಲಿಯಲ್ಲಿ ಬರೀ ಮಳೆ: ಮುನ್ಸೂಚನೆ ಎಲ್ಲಿ ತಪ್ಪಿತು ಎಂದು ಹುಡುಕುವ ಕೈಪಿಡಿ

ಡಿಸೆಂಬರ್ ಬಂತೆಂದರೆ ತಾಳವಾಡಿ, ಹೊಸೂರು, ಡೆಂಕಣಿಕೋಟೆ ಕಡೆಯ ಹವಾಮಾನ ಆಸಕ್ತರ ಕಣ್ಣೆಲ್ಲ ನೀಲಗಿರಿಯ ಮೇಲೆ. ನಮ್ಮೂರುಗಳಲ್ಲಿ ಹಿಮ ಬೀಳುವುದಿಲ್ಲ. ಆದರೆ ಬಂಡೀಪುರ, ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿ ಹತ್ತಿದರೆ ತಲೈಕುಂದಾದ ಹುಲ್ಲುಗಾವಲು ಕೆಲವು ಬೆಳಗಿನ ಜಾವ ಬೆಳ್ಳಗಾಗಿರುತ್ತದೆ. ಹುಲ್ಲಿನ ಮೇಲೆ ಹೆಪ್ಪುಗಟ್ಟುವ ಈ ಇಬ್ಬನಿಗೆ ಅಲ್ಲಿ ಉರೈಪನಿ ಎನ್ನುತ್ತಾರೆ. ಇಲ್ಲೂ ಅದೇ ಮಾತು ಬಳಸುತ್ತೇನೆ. ಇನ್ನು ಕೆಲವರು ದುಡ್ಡು ಕೂಡಿಟ್ಟು ಶಿಮ್ಲಾ, ಮನಾಲಿಗೆ ಟಿಕೆಟ್ ಮಾಡಿಸಿ ಆಕಾಶದಿಂದ ಬೀಳುವ ಹಿಮಕ್ಕೆ ಕಾಯುತ್ತಾರೆ.

ಎರಡೂ ಕಡೆ ನಿರಾಸೆ ಜಾಸ್ತಿ. ಆ್ಯಪ್‌ನಲ್ಲಿ 1 ಡಿಗ್ರಿ ಇತ್ತು, ಹೋಗಿ ನೋಡಿದರೆ ಹುಲ್ಲು ಸುಮ್ನೆ ಒದ್ದೆ. 15 ಸೆಂ.ಮೀ. ಹಿಮ ಅಂದಿತ್ತು, ಬಂದದ್ದು ಜಿಟಿಜಿಟಿ ಮಳೆ. ಆಮೇಲೆ ‘ಈ ಮುನ್ಸೂಚನೆಗಳೆಲ್ಲ ಸುಳ್ಳು’ ಎಂದು ಕೈಬಿಡುವವರೇ ಹೆಚ್ಚು. ನನಗೆ ಆ ಮಾತು ಒಪ್ಪಿಗೆಯಿಲ್ಲ. ತಪ್ಪಿದ ಮುನ್ಸೂಚನೆಗೆ ಬಹಳಷ್ಟು ಸಲ ಒಂದು ಕಾರಣ ಸಿಗುತ್ತದೆ. ಆ ಕಾರಣ ಹಿಂದಿನ ಸಂಜೆಯೇ ಕಣ್ಣಿಗೆ ಬೀಳುವಂತಿರುತ್ತದೆ. ಅದಕ್ಕೆ ಆ್ಯಪ್‌ನ ದೊಡ್ಡ ಅಂಕಿಯ ಬದಲು ಅದರ ಕೆಳಗಿನ ಸಣ್ಣ ಅಂಕಿಗಳನ್ನು ಓದಬೇಕು.

ಮೊದಲು ಸುಲಭದ ತಪ್ಪುಗಳನ್ನು ತೆಗೆದುಹಾಕಿ

ಉರೈಪನಿ ಬಿದ್ದಿತ್ತು, ನೀವು ತಲುಪುವಷ್ಟರಲ್ಲಿ ಕರಗಿತ್ತು. ಇದು ತುಂಬಾ ಸಾಮಾನ್ಯ. ರಾತ್ರಿಯ ಅತಿ ಕಡಿಮೆ ಉಷ್ಣಾಂಶ ಬರುವುದು ಸೂರ್ಯೋದಯದ ಆಸುಪಾಸಿನಲ್ಲಿ. ಜನವರಿಯಲ್ಲಿ ಊಟಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6.45ರ ಹೊತ್ತಿಗೆ. ಬಿಸಿಲು ಬಿದ್ದ ಜಾಗದಲ್ಲಿ ಬಿಳಿ ಬಣ್ಣ ಬೇಗ ಮಾಯವಾಗುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟ್ ತೆಗೆದ ಮೇಲೆ ಹೊರಟರೆ ಉರೈಪನಿ ಸಿಗುವುದಿಲ್ಲ. ಹಿಂದಿನ ದಿನವೇ ಘಾಟಿ ಹತ್ತಿ ಮೇಲೆ ಉಳಿದುಕೊಳ್ಳಬೇಕು. 2024ರ ಮೇ ತಿಂಗಳಿಂದ ನೀಲಗಿರಿಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು ಎನ್ನುವುದೂ ನೆನಪಿರಲಿ.

ಎರಡನೆಯದು ತಾರೀಕು. ‘ಶನಿವಾರ, ಕನಿಷ್ಠ 2’ ಅಂದರೆ ಶನಿವಾರ ಬೆಳಗಿನ ಜಾವವೋ, ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಾಗುವ ಹೊತ್ತೋ? ಆ್ಯಪ್‌ನಿಂದ ಆ್ಯಪ್‌ಗೆ ಇದು ಬೇರೆಯಾಗುತ್ತದೆ. ಗಂಟೆ ಗಂಟೆಯ ಪಟ್ಟಿ ತೆರೆದು ನೋಡಿದರೆ ಗೊಂದಲ ಇರುವುದಿಲ್ಲ. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳ ನಕ್ಷೆಯನ್ನೇ ನೇರವಾಗಿ ನೋಡುವವರು, ಅದು ಗ್ರೀನ್‌ವಿಚ್ ಸಮಯದಲ್ಲಿರುವುದರಿಂದ, ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. ನಕ್ಷೆಯಲ್ಲಿ 00 ಎಂದಿದ್ದರೆ ನಮಗೆ ಬೆಳಿಗ್ಗೆ 5.30.

ಇವೆರಡೂ ಸರಿ ಇದ್ದರೆ ಮುಂದಕ್ಕೆ ಹೋಗೋಣ.

ಲಕ್ಷಣ: ರಾತ್ರಿಯೆಲ್ಲ ಕಾದರೂ ಉಷ್ಣಾಂಶ 6–7 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ

ಮೊದಲ ಅನುಮಾನ ಮೋಡದ ಮೇಲೆ. ಹಗಲು ಕಾಯ್ದ ನೆಲ ರಾತ್ರಿಯಿಡೀ ಶಾಖವನ್ನು ಆಕಾಶದ ಕಡೆಗೆ ಬಿಡುತ್ತಾ ತಣ್ಣಗಾಗುತ್ತದೆ. ಮೇಲೆ ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ. ಆ ಶಾಖದಲ್ಲಿ ಬಹುಪಾಲು ಮತ್ತೆ ನೆಲಕ್ಕೇ ಬರುತ್ತದೆ. ನಡುರಾತ್ರಿ ಎರಡು ಗಂಟೆ ಮೋಡ ಕವಿದು ಹೋದರೂ ಸಾಕು, ಆ ರಾತ್ರಿಯ ಲೆಕ್ಕ ಕೆಡುತ್ತದೆ.

ನಮ್ಮ ಕಡೆ ಈ ದೋಷ ಡಿಸೆಂಬರ್‌ನಲ್ಲಿ ಪದೇ ಪದೇ ಬರುತ್ತದೆ. ಈಶಾನ್ಯ ಮಾರುತ ಇನ್ನೂ ಮುಗಿದಿರುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಹುಟ್ಟಿದರೆ ಸಾಕು, ಅದು ಚೆನ್ನೈ ಹತ್ತಿರವೇ ಇದ್ದರೂ ಅದರ ಮೋಡ ನೀಲಗಿರಿಯ ತನಕ ಹರಡುತ್ತದೆ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿತು. ಅದರ ಮಳೆ ಒಳನಾಡಿನ ಕೃಷ್ಣಗಿರಿ ಜಿಲ್ಲೆಯ ಊತಂಗರೆಯನ್ನೂ ಮುಳುಗಿಸಿತು. ಅಂಥ ವಾರದಲ್ಲಿ ಉರೈಪನಿಗೆ ಕಾಯುವುದು ದಂಡ. ಕೊಲ್ಲಿಯಲ್ಲಿ ಏನಾದರೂ ಸುತ್ತುತ್ತಿದೆಯಾ ಎಂದು ನೋಡದೆ ಊಟಿಗೆ ರೂಮು ಹಿಡಿಯಬೇಡಿ.

ಪರೀಕ್ಷೆ: ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳು ಸಿಗುತ್ತವೆ. ಆ ರಾತ್ರಿಯ ಅವಗೆಂಪು (ಇನ್‌ಫ್ರಾರೆಡ್) ಚಿತ್ರಗಳನ್ನು, ಅಂದರೆ ಬೆಳಕಿನ ಬದಲು ಶಾಖ ನೋಡಿ ತೆಗೆದವನ್ನು, ಒಂದೊಂದಾಗಿ ನೋಡಿ. ಎತ್ತರದ ಮೋಡ ಬೆಳ್ಳಗೆ ಎದ್ದು ಕಾಣುತ್ತದೆ. ಒಂದು ಎಚ್ಚರಿಕೆ ಇದೆ. ನೆಲಕ್ಕೆ ಹತ್ತಿರದ ಮೋಡ ಮತ್ತು ದಟ್ಟ ಮಂಜಿನ ಉಷ್ಣಾಂಶ ಹೆಚ್ಚುಕಡಿಮೆ ನೆಲದಷ್ಟೇ ಇರುವುದರಿಂದ ಈ ಚಿತ್ರದಲ್ಲಿ ಅವು ಸರಿಯಾಗಿ ಕಾಣುವುದಿಲ್ಲ. ಚಿತ್ರ ಸ್ವಚ್ಛವಾಗಿದ್ದೂ ಊಟಿ ಕಣಿವೆಯಲ್ಲಿ ಮಂಜು ತುಂಬಿರಬಹುದು. ಅಲ್ಲೇ ಇದ್ದರೆ ಹೊರಗೆ ಬಂದು ತಲೆ ಎತ್ತಿ. ನಕ್ಷತ್ರ ಚೆನ್ನಾಗಿ ಕಂಡರೆ ಮೋಡದ ಅನುಮಾನ ಬಿಡಿ.

ಮೋಡ ಇರಲಿಲ್ಲ, ಆದರೂ ಇಳಿಯಲಿಲ್ಲ ಅಂದರೆ ಡ್ಯೂ ಪಾಯಿಂಟ್ ನೋಡಬೇಕು. ಈ ಇಡೀ ಕೈಪಿಡಿಯಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ. ಗಾಳಿಯಲ್ಲಿರುವ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣಾಂಶಕ್ಕೆ ಡ್ಯೂ ಪಾಯಿಂಟ್ ಎನ್ನುತ್ತಾರೆ. ಸಂಜೆ 6ಕ್ಕೆ ಉಷ್ಣಾಂಶ 13, ಡ್ಯೂ ಪಾಯಿಂಟ್ 9 ಎಂದಿಟ್ಟುಕೊಳ್ಳಿ. ರಾತ್ರಿ ಗಾಳಿ ತಣ್ಣಗಾಗುತ್ತಾ 9ಕ್ಕೆ ಬಂದ ಕೂಡಲೇ ಇಬ್ಬನಿ ಕಟ್ಟಲು ಶುರು. ಆವಿ ನೀರಾಗುವಾಗ ಶಾಖ ಹೊರಬರುತ್ತದೆ. ಒಂದು ಗ್ರಾಂ ಆವಿಗೆ ಸುಮಾರು 600 ಕ್ಯಾಲೊರಿ. ಇದು ಸಣ್ಣದಲ್ಲ. ಅಲ್ಲಿಂದ ಮುಂದೆ ಉಷ್ಣಾಂಶ ತೆವಳುತ್ತಾ ಇಳಿಯುತ್ತದೆ, ಸೊನ್ನೆ ಮುಟ್ಟುವ ಮೊದಲೇ ಬೆಳಗಾಗುತ್ತದೆ. ಅದೇ ಸಂಜೆ ಉಷ್ಣಾಂಶ 13 ಇದ್ದು ಡ್ಯೂ ಪಾಯಿಂಟ್ 1 ಇದ್ದರೆ? ತಡೆಯೇ ಇಲ್ಲ. ಇಳಿಯುತ್ತಾ ಹೋಗುತ್ತದೆ.

ಅದಕ್ಕೇ ಸಂಜೆಯ ಡ್ಯೂ ಪಾಯಿಂಟ್ 2–3 ಡಿಗ್ರಿಯೊಳಗೆ ಇದ್ದು, ಆಕಾಶ ತಿಳಿಯಾಗಿದ್ದರೆ ನಾನು ಆಸೆ ಇಟ್ಟುಕೊಳ್ಳುತ್ತೇನೆ. 7–8 ಇದ್ದರೆ ಆ್ಯಪ್ ಸೊನ್ನೆ ತೋರಿಸಿದರೂ ನಂಬುವುದಿಲ್ಲ. ಮಳೆ ನಿಂತ ಮಾರನೇ ದಿನ ಆಕಾಶ ಎಷ್ಟೇ ನೀಲಿಯಾಗಿದ್ದರೂ ನೆಲ ತೇವವಾಗಿರುತ್ತದೆ, ಡ್ಯೂ ಪಾಯಿಂಟ್ ಮೇಲೇ ಇರುತ್ತದೆ. ಒಣ ಗಾಳಿ ಬೀಸಿ ನಾಲ್ಕಾರು ದಿನ ನೆಲ ಆರಬೇಕು. ಈಶಾನ್ಯ ಮಾರುತ ಹಿಂದೆ ಸರಿದ ಜನವರಿ ಇದಕ್ಕೇ ಒಳ್ಳೆಯ ತಿಂಗಳು. ಡಿಸೆಂಬರ್ ರಜೆಗೆ ಹೋಗಿ ಬೇಸರಪಟ್ಟುಕೊಂಡು ಬರುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಮೂರನೆಯದು ಗಾಳಿ. ತಿಳಿ ರಾತ್ರಿಯಲ್ಲಿ ನೆಲದ ಹತ್ತಿರ ತಣ್ಣನೆ ಗಾಳಿ ಕೂತಿರುತ್ತದೆ, ಅದರ ಮೇಲೆ ಸ್ವಲ್ಪ ಬೆಚ್ಚಗಿನ ಪದರ. ಗಾಳಿ ಬೀಸಿದರೆ ಎರಡೂ ಬೆರೆತುಹೋಗುತ್ತವೆ. ಗಂಟೆಗೆ 7–8 ಕಿ.ಮೀ.ಗಿಂತ ಜಾಸ್ತಿ ಗಾಳಿ ರಾತ್ರಿಯಿಡೀ ತೋರಿಸುತ್ತಿದ್ದರೆ ಉರೈಪನಿಯ ಸಾಧ್ಯತೆ ಕಡಿಮೆ. ನಮಗೆ ‘ಕೊರೆಯುವ ಚಳಿ’ ಅನ್ನಿಸುವುದು ಗಾಳಿ ಇರುವ ರಾತ್ರಿಯೇ. ಹುಲ್ಲು ಬೆಳ್ಳಗಾಗುವುದು ಮಾತ್ರ ಎಲೆ ಅಲುಗದ ರಾತ್ರಿ. ಆ್ಯಪ್‌ನಲ್ಲಿ ‘ಅನಿಸುವ ಉಷ್ಣಾಂಶ’ ಅಂತ ಇನ್ನೊಂದು ಅಂಕಿ ಇರುತ್ತದಲ್ವಾ, ಅದು ಮನುಷ್ಯರ ಮೈಗೆ. ಹುಲ್ಲಿಗೆ ಅದರಿಂದ ಏನೂ ಆಗುವುದಿಲ್ಲ.

ಲಕ್ಷಣ: ಸೊನ್ನೆ ಮುಟ್ಟಿತು, ಆದರೂ ಬೆಳ್ಳಗಾಗಲಿಲ್ಲ

ಇದು ಮೇಲಿನದರ ತದ್ವಿರುದ್ಧ. ಗಾಳಿ ತೀರಾ ಒಣಗಿದೆ. ಡ್ಯೂ ಪಾಯಿಂಟ್ ಮೈನಸ್ 6, ಮೈನಸ್ 8ರಲ್ಲಿದ್ದರೆ ಹುಲ್ಲು ಮೈನಸ್ 2ಕ್ಕೆ ಇಳಿದರೂ ಅದರ ಮೇಲೆ ಕೂರಲು ತೇವವೇ ಇಲ್ಲ. ನೋಡಲು ಹೋದವರಿಗೆ ನಿರಾಸೆ, ಅಷ್ಟೇ. ಗಿಡಕ್ಕೆ ಮಾತ್ರ ಇದೇ ಹೆಚ್ಚು ಅಪಾಯ. ಬಿಳಿ ಕಾಣದೆ ಇದ್ದರೂ ಚಿಗುರಿನೊಳಗಿನ ನೀರು ಹೆಪ್ಪುಗಟ್ಟಿ ಎಲೆ ಸುಟ್ಟ ಹಾಗೆ ಕಪ್ಪಾಗುತ್ತದೆ. ನೀಲಗಿರಿಯ ಚಹಾ ತೋಟದವರಿಗೆ, ಕ್ಯಾರೆಟ್, ಆಲೂಗಡ್ಡೆ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಬಿಸಿಲು ಬೀಳುವ ಮೊದಲೇ ನೀರು ಚಿಮುಕಿಸುವುದು, ಚಹಾ ಗಿಡಗಳಿಗೆ ಒಣ ಹುಲ್ಲು ಹೊದಿಸುವುದು ಅವರ ದಾರಿ. ಮುನ್ಸೂಚನೆ ತಪ್ಪಿದರೆ ನಮಗೆ ಒಂದು ಬೆಳಗಿನ ನಿದ್ದೆ ಹೋಗುತ್ತದೆ. ಅವರಿಗೆ ಒಂದು ಫಸಲೇ ಹೋಗಬಹುದು. ಹಾಗಾಗಿ ರೈತರಿಗೆ ಹೇಳುವ ಮುನ್ಸೂಚನೆಯಲ್ಲಿ ಒಂದೆರಡು ಸುಳ್ಳು ಎಚ್ಚರಿಕೆ ಇದ್ದರೂ ಪರವಾಗಿಲ್ಲ, ಒಂದು ನಿಜವಾದ ರಾತ್ರಿಯೂ ತಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

ಬೆಳ್ಳಗಾಗಿಲ್ಲ ಎಂದು ಬರೆದುಕೊಳ್ಳುವ ಮೊದಲು ಹುಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿ. ಮೊದಲು ಇಬ್ಬನಿ ಕಟ್ಟಿ, ಆಮೇಲೆ ಅದೇ ಹನಿ ಗಟ್ಟಿಯಾಗಿದ್ದರೆ ಗಾಜಿನ ಮಣಿಯಂತೆ ಪಾರದರ್ಶಕವಾಗಿರುತ್ತದೆ. ದೂರದಿಂದ ಬರೀ ಒದ್ದೆ ಅನ್ನಿಸುತ್ತದೆ. ಆವಿ ನೇರವಾಗಿ ಮಂಜುಗಡ್ಡೆಯಾದಾಗ ಮಾತ್ರ ಪುಕ್ಕದಂಥ ಬಿಳಿ ಹರಳು ಕಾಣುತ್ತದೆ.

ಲಕ್ಷಣ: ಆ್ಯಪ್‌ನಲ್ಲಿ 4 ಡಿಗ್ರಿ, ಹುಲ್ಲಿನ ಮೇಲೆ ಉರೈಪನಿ

ಇದು ದೋಷವೇ ಅಲ್ಲ. ಹವಾಮಾನ ಕೇಂದ್ರದ ಥರ್ಮಾಮೀಟರ್ ನೆಲದಿಂದ ನಾಲ್ಕಡಿಗಿಂತ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ಮಾಡೆಲ್‌ಗಳು ಕೊಡುವುದೂ 2 ಮೀಟರ್ ಎತ್ತರದ ಉಷ್ಣಾಂಶ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಹುಲ್ಲಿನ ತುದಿ ಅದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿರಬಹುದು. ನಮ್ಮ ಹವಾಮಾನ ಇಲಾಖೆಯೂ ಬಯಲು ಪ್ರದೇಶದಲ್ಲಿ ಗಾಳಿಯ ಉಷ್ಣಾಂಶ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದರೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಲೆಕ್ಕ ಹಿಡಿಯುತ್ತದೆ. ಸೊನ್ನೆಗೇ ಕಾಯುತ್ತಾ ಕೂತವರು ಒಳ್ಳೆಯ ಬೆಳಗುಗಳನ್ನು ಕಳೆದುಕೊಳ್ಳುತ್ತಾರೆ.

ಲಕ್ಷಣ: ಒಂದೇ ಊರು, ಒಂದೇ ರಾತ್ರಿ, ಎರಡು ಆ್ಯಪ್, ಐದು ಡಿಗ್ರಿ ವ್ಯತ್ಯಾಸ

ಕಂಪ್ಯೂಟರ್ ಮಾಡೆಲ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಅಮೆರಿಕದ ಜಿಎಫ್ಎಸ್ ಮಾಡೆಲ್‌ನಿಂದ ಸಾಮಾನ್ಯವಾಗಿ ಸಿಗುವ ಮಾಹಿತಿಯಲ್ಲಿ ಒಂದು ಚೌಕ ಸುಮಾರು 28 ಕಿ.ಮೀ. ಯುರೋಪಿನ ಮಾಡೆಲ್‌ನದು ಸುಮಾರು 9 ಕಿ.ಮೀ. ಪುಣೆಯಲ್ಲಿ ರೂಪುಗೊಂಡು 2025ರ ಮೇನಲ್ಲಿ ಬಳಕೆಗೆ ಬಂದ ನಮ್ಮ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನದು 6 ಕಿ.ಮೀ. ಈಗ ನೀಲಗಿರಿಯನ್ನು ನೆನೆಸಿಕೊಳ್ಳಿ. ಮೆಟ್ಟುಪಾಳ್ಯಂ ಸುಮಾರು 300 ಮೀಟರ್, ಊಟಿ ಸುಮಾರು 2,240, ದೊಡ್ಡಬೆಟ್ಟ 2,637. ಇಷ್ಟು ಏರಿಳಿತ ನೇರ ಅಳತೆಯಲ್ಲಿ 30 ಕಿ.ಮೀ. ಆಸುಪಾಸಿನೊಳಗೇ ಮುಗಿದುಹೋಗುತ್ತದೆ. ದೊಡ್ಡ ಚೌಕದ ಮಾಡೆಲ್‌ಗೆ ಘಾಟಿಯೂ ಗೊತ್ತಿಲ್ಲ, ಕಣಿವೆಯೂ ಗೊತ್ತಿಲ್ಲ. ಎಲ್ಲ ಸೇರಿಸಿ ಸರಾಸರಿ ಎತ್ತರದ ಒಂದು ದಿಬ್ಬ ಅದಕ್ಕೆ ಕಾಣುತ್ತದೆ.

ಮಾಡೆಲ್‌ನ ದಿಬ್ಬ 1,500 ಮೀಟರ್ ಇದ್ದರೆ ಊಟಿಗಿಂತ 740 ಮೀಟರ್ ಕೆಳಗಾಯಿತು. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಡಿಗ್ರಿ ತಪ್ಪು ಅಲ್ಲೇ ಬಂತು. ಕೆಲವು ಆ್ಯಪ್ ಇದನ್ನು ತಿದ್ದಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ತಿದ್ದಿದರೂ ಉರೈಪನಿ ಬೀಳುವ ರಾತ್ರಿ ಆ ಲೆಕ್ಕವೇ ತಲೆಕೆಳಗು. ಆ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಬೆಟ್ಟದ ತಲೆ ಬೆಚ್ಚಗೆ, ಬುಡ ತಣ್ಣಗೆ. ದೊಡ್ಡಬೆಟ್ಟದ ತುದಿ ಎಲ್ಲಕ್ಕಿಂತ ಎತ್ತರ ಎಂದು ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬರುತ್ತಾರೆ. ಆ ಹೊತ್ತಿಗೆ ಕೆಳಗೆ ತಲೈಕುಂದಾ, ಕಾಂತಲ್, ಅವಲಾಂಚಿಯ ತಗ್ಗುಗಳು ಬೆಳ್ಳಗಿರುತ್ತವೆ. ನೀಲಗಿರಿಯ ಶೋಲಾ ಕಾಡಿನ ಮರಗಳು ತಗ್ಗಿನ ಹುಲ್ಲುಗಾವಲಿಗೆ ಸುಲಭವಾಗಿ ಕಾಲಿಡದೆ ಇರಲು ಈ ಉರೈಪನಿಯೂ ಒಂದು ಕಾರಣ ಎಂದು ಪರಿಸರ ತಜ್ಞರು ಹೇಳುತ್ತಾರೆ. ಎಳೆ ಸಸಿ ಅದನ್ನು ತಡೆಯುವುದಿಲ್ಲ. ಬಯಲಲ್ಲಿ ಹುಲ್ಲು, ಅಂಚಿನಲ್ಲಿ ಶೋಲಾ, ನಡುವೆ ಜೌಗು ಇರುವ ತಗ್ಗು ಕಂಡರೆ ಅದೇ ನಿಮ್ಮ ಜಾಗ.

ಪರೀಕ್ಷೆ ಸುಲಭ. ಆ್ಯಪ್ ಅಥವಾ ಜಾಲತಾಣ ತಾನು ಯಾವ ಎತ್ತರಕ್ಕೆ ಅಂಕಿ ಕೊಡುತ್ತಿದೆ ಎಂದು ತೋರಿಸುತ್ತದೆಯಾ ನೋಡಿ. ನೀವು ನಿಲ್ಲುವ ಜಾಗಕ್ಕೂ ಅದಕ್ಕೂ 300 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಅಂಕಿಯನ್ನು ಪಕ್ಕಕ್ಕಿಡಿ. ವಿಂಡಿಯಂಥ ಆ್ಯಪ್‌ಗಳಲ್ಲಿ ಮಾಡೆಲ್ ಬದಲಿಸಿ ನೋಡಬಹುದು. ಬದಲಿಸಿದಾಗ ಅಂಕಿ ತುಂಬ ಕುಣಿದರೆ ತೊಂದರೆ ಇರುವುದು ಚೌಕದ ಗಾತ್ರದಲ್ಲಿ.

ನಿಮ್ಮ ಸ್ವಂತ ಥರ್ಮಾಮೀಟರ್ ಮೇಲೂ ಒಂದು ಅನುಮಾನ ಇರಲಿ. ಮಂಜುಗಡ್ಡೆ ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಚೆನ್ನಾಗಿ ಕಲಸಿ, ಸೆನ್ಸರ್ ಅದ್ದಿ ಕೆಲವು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. 1.5 ತೋರಿಸಿದರೆ ಮುಂದೆ ಪ್ರತಿ ಅಳತೆಯಲ್ಲೂ ಒಂದೂವರೆ ಕಳೆಯಿರಿ. ಕಾಂಕ್ರೀಟ್ ಗೋಡೆಗೆ, ಕಿಟಕಿಗೆ ಸಿಕ್ಕಿಸಿದ ಥರ್ಮಾಮೀಟರ್ ಯಾವತ್ತೂ ಬೆಚ್ಚಗೇ ಇರುತ್ತದೆ. ಹುಲ್ಲಿನ ಮೇಲೆ ಒಂದೆರಡು ಇಂಚು ಎತ್ತರದಲ್ಲಿ, ಮರದ ನೆರಳಿಲ್ಲದ ಕಡೆ ಇಡಿ.

ಲಕ್ಷಣ: ಹತ್ತು ದಿನ ಮೊದಲು ಕಂಡದ್ದು ಹತ್ತಿರ ಬಂದಂತೆ ಮಾಯವಾಯಿತು

ವಾತಾವರಣದಲ್ಲಿ ಆರಂಭದ ಸಣ್ಣ ವ್ಯತ್ಯಾಸ ದಿನ ಕಳೆದಂತೆ ದೊಡ್ಡದಾಗುತ್ತದೆ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ಇದನ್ನು ತೋರಿಸಿಕೊಟ್ಟರು. ಅದಕ್ಕಾಗಿ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ ಒಂದೇ ಲೆಕ್ಕ ಹಾಕುವುದಿಲ್ಲ. ಆರಂಭವನ್ನು ತುಸು ತುಸು ಬದಲಿಸಿ 51 ಲೆಕ್ಕ ಹಾಕುತ್ತದೆ. ಆ್ಯಪ್ ಮಾತ್ರ ಹತ್ತನೇ ದಿನಕ್ಕೂ ‘2 ಡಿಗ್ರಿ’ ಎಂದು ಒಂದೇ ಅಂಕಿ ತೋರಿಸುತ್ತದೆ. 51ರಲ್ಲಿ 45 ಲೆಕ್ಕ ಒಂದೇ ಮಾತು ಹೇಳಿದ್ದವೋ, ಐದಾರು ಮಾತ್ರವೋ, ನಮಗೆ ಕಾಣುವುದಿಲ್ಲ. ಅದೇ ತಾರೀಕಿನ ಅಂಕಿಯನ್ನು ದಿನಕ್ಕೊಮ್ಮೆ ಬರೆದಿಟ್ಟುಕೊಂಡರೆ ಗೊತ್ತಾಗುತ್ತದೆ. 2, 7, 3, 8 ಎಂದು ಓಲಾಡುತ್ತಿದ್ದರೆ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ರಜೆ ಹಾಕುವುದಾದರೆ ಮೂರು ದಿನದೊಳಗಿನ ಅಂಕಿ ನೋಡಿ ಹಾಕಿ.

ಲಕ್ಷಣ: ಹಿಮಾಚಲಕ್ಕೆ ಹೋದೆವು, ಹಿಮದ ಬದಲು ಮಳೆ

ಊಟಿಯೂ ಶಿಮ್ಲಾವೂ ಹೆಚ್ಚುಕಡಿಮೆ ಒಂದೇ ಎತ್ತರ, ಸುಮಾರು 2,200 ಮೀಟರ್. ಆದರೆ ಊಟಿ ಇರುವುದು 11ನೇ ಅಕ್ಷಾಂಶದಲ್ಲಿ, ಶಿಮ್ಲಾ 31ರಲ್ಲಿ. ದಕ್ಷಿಣ ಭಾರತದ ಮೇಲೆ ಚಳಿಗಾಲದಲ್ಲೂ ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವುದು ನಾಲ್ಕೂವರೆ, ಐದು ಕಿ.ಮೀ. ಎತ್ತರದಲ್ಲಿ. ಹಾಗಾಗಿ ಊಟಿಯ ಮೋಡದಿಂದ ಹಿಮ ಉದುರುವುದಿಲ್ಲ. ‘ಊಟಿಯಲ್ಲಿ ಹಿಮಪಾತ’ ಎಂಬ ವಿಡಿಯೊ ಬಂದರೆ ಅದು ಉರೈಪನಿ, ಇಲ್ಲವೇ ಬೇಸಿಗೆಯ ಗುಡುಗು ಮಳೆಯ ಆಲಿಕಲ್ಲು. ಹಿಮಾಲಯದಲ್ಲಿ ಪಶ್ಚಿಮದಿಂದ ಬರುವ ಚಳಿಗಾಲದ ಮಳೆ ಮಾರುತ ತಣ್ಣನೆ ಗಾಳಿಯ ಜೊತೆ ಸೇರಿದಾಗ ಆ ಸೊನ್ನೆಯ ಗೆರೆ ಎರಡು ಕಿ.ಮೀ. ಹತ್ತಿರಕ್ಕೂ ಇಳಿಯುತ್ತದೆ.

ನೋಡಬೇಕಾದ್ದು ಆ ಗೆರೆಯನ್ನೇ. ಆ್ಯಪ್‌ನಲ್ಲಿ ‘ಫ್ರೀಜಿಂಗ್ ಲೆವೆಲ್’ ಎಂದಿರುತ್ತದೆ. ಹಿಮ ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿನ ತನಕ ಕರಗದೆ ಬರುತ್ತದೆ. ಗೆರೆ 2,800ರಲ್ಲಿದ್ದರೆ ಸುಮಾರು 2,050 ಮೀಟರಿನ ಮನಾಲಿಯಲ್ಲಿ ಮಳೆ, ಅದಕ್ಕಿಂತ ಎತ್ತರದ ಸೋಲಂಗ್ ಕಣಿವೆಯಲ್ಲಿ ಅನುಮಾನ, 3,000 ದಾಟಿದ ಅಟಲ್ ಸುರಂಗದ ಬಾಯಲ್ಲಿ ಹಿಮ. ಮುನ್ಸೂಚನೆ ಸರಿಯಾಗೇ ಇತ್ತು, ನಿಂತ ಎತ್ತರ ಬೇರೆ ಇತ್ತು, ಅಷ್ಟೇ.

ಮಳೆಯಾಗಿ ಶುರುವಾದ ತಕ್ಷಣ ಬೇಸರಪಟ್ಟು ಮಲಗಬೇಡಿ. ಗಾಳಿ ಒಣಗಿದ್ದರೆ ಬೀಳುವ ಹನಿ ಆವಿಯಾಗುತ್ತಾ ಗಾಳಿಯನ್ನೇ ತಣ್ಣಗಾಗಿಸುತ್ತದೆ. 3–4 ಡಿಗ್ರಿಯಲ್ಲಿ ಶುರುವಾದ ಮಳೆ ಒಂದೆರಡು ಗಂಟೆಯಲ್ಲಿ ಹಿಮಕ್ಕೆ ತಿರುಗಬಹುದು. ಜೋರಾಗಿ ಬಿದ್ದಷ್ಟೂ ಅದು ಸುಲಭ. ತೇವ ಮೊದಲೇ ತುಂಬಿದ್ದರೆ ಈ ಆಸೆ ಬೇಡ.

ಸೆಂಟಿಮೀಟರ್ ಲೆಕ್ಕದ ನಿರಾಸೆಗೆ ಕಾರಣ ಬೇರೆ. 1 ಮಿ.ಮೀ. ನೀರಿಗೆ 1 ಸೆಂ.ಮೀ. ಹಿಮ ಎಂಬ ಅಂದಾಜಿನಲ್ಲಿ ಅನೇಕ ಕಡೆ ಅಂಕಿ ಕೊಡುತ್ತಾರೆ. ಸೊನ್ನೆಯ ಹತ್ತಿರ ಬೀಳುವ ಒದ್ದೆ ಹಿಮ ಅದರ ಅರ್ಧದಷ್ಟೇ ನಿಲ್ಲಬಹುದು. ಬೆಚ್ಚಗಿನ ರಸ್ತೆಯ ಮೇಲೆ ಅದೂ ಇಲ್ಲ. 15 ಸೆಂ.ಮೀ. ಎಂದಿದ್ದರೆ ಪಕ್ಕದಲ್ಲಿ ಉಷ್ಣಾಂಶ ಎಷ್ಟಿದೆ ನೋಡಿ. ಮೈನಸ್ 5 ಇದ್ದರೆ ಅಷ್ಟು ಸಿಗಬಹುದು, ಸೊನ್ನೆ ಇದ್ದರೆ ಅರ್ಧ ಮಾಡಿಕೊಳ್ಳಿ.

ಕೆಲವು ಚಳಿಗಾಲದಲ್ಲಿ ಮುನ್ಸೂಚನೆಯಲ್ಲಿ ಯಾವ ದೋಷವೂ ಇರುವುದಿಲ್ಲ, ಹಿಮವೇ ಬರುವುದಿಲ್ಲ. 2024ರ ಜನವರಿ ಮೊದಲ ವಾರಗಳಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಬಣ್ಣದಲ್ಲಿದ್ದವು. ಹಿಮ ಬಂದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮುಂದೂಡಿ ಮಾರ್ಚ್‌ನಲ್ಲಿ ನಡೆಸಿದರು. ಹೊಸೂರಿನಿಂದ ಅಷ್ಟು ದೂರ ಹೋಗುವವರಿಗೆ ನಾನು ಹೇಳುವುದು ಇಷ್ಟು: ಹೊಸ ವರ್ಷದ ರಜೆಗಿಂತ ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ದಿನಗಳನ್ನು ಹಿಡಿಯಿರಿ. ತಾರೀಕು ಬದಲಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ. ಮನಾಲಿಯಲ್ಲಿ ಉಳಿದರೂ ಒಂದು ದಿನವನ್ನು ಸುರಂಗದಾಚೆಯ ಸಿಸ್ಸುಗೆ ಇಟ್ಟುಕೊಳ್ಳಿ, ರಸ್ತೆ ತೆರೆದಿದೆಯಾ ಎಂದು ಹಿಂದಿನ ಸಂಜೆಯೇ ಕೇಳಿಕೊಳ್ಳಿ.